ಹಬೆ ಎಡಕ್ಕೆ ತಿರುಗಬೇಕು

ಮಾರ್ಚ್ ೩, ಸೋಮವಾರ

ಅತ್ತೆಯ ಕಾಲು ಮುರಿದಿದೆ, ನನ್ನ ತತ್ವ ಮುರಿದಿಲ್ಲ. ಇದನ್ನು ಮೊದಲ ದಿನವೇ ಬರೆದಿಡುತ್ತೇನೆ, ಮುಂದೆ ನನಗೇ ಅನುಮಾನ ಬರಬಾರದು.

ನಿನ್ನೆ ಬಾರ್‌ನ ನೆಲಮಾಳಿಗೆಯಿಂದ ಬಾಟಲಿಗಳ ಕ್ರೇಟ್ ಎತ್ತಿ ತರುವಾಗ ಮೆಟ್ಟಿಲ ಮೇಲೆ ಜಾರಿದಳಂತೆ. ಕ್ರೇಟನ್ನು ಮಾತ್ರ ಕೈಬಿಡಲಿಲ್ಲವಂತೆ. "ಒಂದು ಬಾಟಲಿಯೂ ಒಡೀಲಿಲ್ಲ ನೋಡು" ಎಂದು ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿ ಹೆಮ್ಮೆಪಡುತ್ತಿದ್ದಾಳೆ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಈ ಸೋದರತ್ತೆ. ಮೇಲೆ ಮನೆ, ಕೆಳಗೆ ಬಾರ್. ನನ್ನ ಹೊಟ್ಟೆಗೆ ಬಿದ್ದ ಪ್ರತಿಯೊಂದು ತುತ್ತೂ ಇನ್ನೊಬ್ಬರ ಕುಡಿತದಿಂದ ಬಂದದ್ದು. ಈ ಯೋಚನೆ ನನ್ನ ನಿದ್ದೆ ಕೆಡಿಸುತ್ತದೆ, ಅವಳ ನಿದ್ದೆ ಕೆಡಿಸುವುದಿಲ್ಲ.

"ಪ್ಲಾಸ್ಟರ್ ಬಿಚ್ಚೋ ತನಕ ಬಾರ್ ನಡೆಸು" ಎಂದಳು.

"ನಾನಾ? ಕುಡಿತ ಅನ್ನೋದು ದುಡಿಯೋರ ಕೈಗೆ ಹಾಕಿದ ಬೇಡಿ, ಅತ್ತೆ."

"ಆಗಲಿ ಕಣೇ. ಬೇಡಿಗಳನ್ನ ದಿನಾ ತೊಳೆದು ಒರೆಸಿಡು. ಒಂದು ದಿನಾನೂ ಬಾಗಿಲು ಮುಚ್ಚಬೇಡ, ಗೋಡೆ ಖಾಲಿ ಬಿಡಬೇಡ. ನಾನು ಕೆಳಗಿಳಿದು ಬಂದ ದಿನ ಕೀಲಿ ನಿನ್ನ ಕೈಗೆ. ನನಗೂ ಸಾಕಾಗಿದೆ. ಆಮೇಲೆ ವಾಚನಾಲಯ ಮಾಡ್ತೀಯೋ, ಗುಡಿಸಿ ಗುಂಡಾಂತರ ಮಾಡ್ತೀಯೋ, ನಿನ್ನಿಷ್ಟ."

ಒಪ್ಪಿಕೊಂಡೆ. ನಮ್ಮ ಓದುಗರ ಕೂಟಕ್ಕೆ ಒಂದು ಕೋಣೆಗಾಗಿ ಊರೆಲ್ಲ ಅಲೆದಿದ್ದೇವೆ. ಒಂದು ಬಾರ್ ಮುಚ್ಚಿ ವಾಚನಾಲಯ ತೆರೆಯುತ್ತದೆ ಎಂದರೆ ಅದಕ್ಕಿಂತ ದೊಡ್ಡ ಗೆಲುವುಂಟೆ? ಸುದ್ದಿ ಹೇಳಿದಾಗ ಕೂಟದ ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿಕೊಂಡು, "ಇತಿಹಾಸ ಕೆಲವೊಮ್ಮೆ ಕುಂಟುತ್ತಾ ಬರುತ್ತೆ" ಎಂದ.

ಮಾರ್ಚ್ ೪, ಮಂಗಳವಾರ

ಗೋಡೆಯ ವಿಷಯ ಬರೆಯಬೇಕು. ಅದರಷ್ಟು ಹಿಂದುಳಿದ ಪದ್ಧತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೌಂಟರಿನ ಎದುರಿನ ಉದ್ದ ಗೋಡೆಯ ತುಂಬ ಚಿತ್ರಗಳು. ಬರೆದವರು ಸುತ್ತಲಿನ ಬೀದಿಗಳವರೇ. ತಿಂಗಳ ಕೊನೆಗೆ ಹಳೆ ಕಾಗದದಲ್ಲಿ ಸುತ್ತಿ ಅತ್ತೆಯ ಕೈಗೆ ಕೊಡುತ್ತಾರೆ, ಒಂದನೇ ತಾರೀಖು ಅವಳು ತೂಗುಹಾಕುತ್ತಾಳೆ. ಯಾರದು ಎಂದು ಹೇಳುವ ಹಾಗಿಲ್ಲ. ಬರೆದವರು ಎಲ್ಲರ ನಡುವೆ ಕುಳಿತು ಕುಡಿಯುತ್ತ, ತಮ್ಮ ಚಿತ್ರದ ಬಗ್ಗೆ ಜನ ಏನೆಂದರೂ ಬಾಯಿ ಮುಚ್ಚಿಕೊಂಡು ಕೇಳಬೇಕು. ತಿಂಗಳು ಮುಗಿದಾಗ ತಾವೇ ಎದ್ದು ಇಳಿಸಿಕೊಳ್ಳುತ್ತಾರೆ. ಆಗ ಎಲ್ಲರೂ "ಅಯ್ಯೋ, ನಿನ್ನದಾ!" ಎಂದು ಬಾಯಿ ಮೇಲೆ ಕೈಯಿಡುತ್ತಾರೆ. ಅರ್ಧ ಜನಕ್ಕೆ ಮೊದಲೇ ಗೊತ್ತಿರುತ್ತದೆ.

ದುಡಿದವನ ಹೆಸರು ಅಳಿಸುವುದೇ ಮೊದಲ ಕಳವು ಎಂದು ನಾನು ಓದಿದ್ದೇನೆ. ಇಲ್ಲಿ ಕಳ್ಳತನವನ್ನೇ ಆಟ ಮಾಡಿಕೊಂಡಿದ್ದಾರೆ.

ಈ ತಿಂಗಳು ನಡುಮಧ್ಯೆ ಇರುವುದು ಒಂದು ಕೆಟಲ್. ಒಲೆಯ ಮೇಲೆ ಕುಳಿತಿದೆ. ಮುಚ್ಚಳದ ಜಾಗದಲ್ಲಿ ಒಂದು ಸಾಸರನ್ನು ಬೋರಲು ಹಾಕಿದೆ. ಅಷ್ಟೇ. ಹೋರಾಟವಿಲ್ಲ, ಜನಸಮೂಹವಿಲ್ಲ. ಹಬೆ ಮಾತ್ರ ಇದೆ.

ಮಾರ್ಚ್ ೬, ಗುರುವಾರ

ನನಗೆ ಹೆಸರಿಟ್ಟಿದ್ದಾರೆ: ಕರಪತ್ರ. ಇಟ್ಟವರು ನಿವೃತ್ತ ಟೀಚರಮ್ಮ. ನಡುವಿನ ಮೇಜಿನಲ್ಲಿ ಪದಬಂಧ ಬಿಡಿಸುತ್ತ ಒಂದು ಬಿಯರನ್ನು ಸಂಜೆಯಿಡೀ ಎಳೆಯುತ್ತಾರೆ. ಕೈಯಲ್ಲಿ ಲೋಟವಿದ್ದರೂ ಕ್ಲಾಸಿನಲ್ಲಿ ಕುಳಿತಂತೆಯೇ ಕಾಣುತ್ತಾರೆ. ಕುಡಿತದಿಂದಾಗುವ ಕೆಡುಕುಗಳನ್ನು ನಾನು ಎಲ್ಲರಿಗೂ ವಿವರಿಸುತ್ತಿದ್ದಾಗ, "ಚೆನ್ನಾಗಿ ಹೇಳ್ತೀಯಮ್ಮಾ. ಇನ್ನೊಂದು ಬಾಟಲಿ ತಂದುಕೊಟ್ಟು ಮುಂದುವರಿಸು" ಎಂದರು.

ಗೋಡೆಯ ಪಕ್ಕದ ಮೇಜು ಬೀದಿ ತುದಿಯ ಕ್ಷೌರದಂಗಡಿಯವರದು. ಬಾಗಿಲ ಪಕ್ಕದ ಸ್ಟೂಲು ಬೀಗ ರಿಪೇರಿಯವರದು. ಇಬ್ಬರೂ ಸ್ವಂತ ಅಣ್ಣತಮ್ಮಂದಿರು. ವರ್ಷಗಳಿಂದ ಮಾತಿಲ್ಲ. ಆದರೆ ಬಾರ್ ಬಿಟ್ಟುಕೊಡಲು ಇಬ್ಬರೂ ತಯಾರಿಲ್ಲ, ಹಾಗಾಗಿ ಹಾವು ಮುಂಗುಸಿಯಂತೆ ಒಂದೇ ಕೋಣೆಯಲ್ಲಿ ದಿನವೂ ಕುಳಿತಿರುತ್ತಾರೆ.

ಅಣ್ಣನಾದ ಕ್ಷೌರದವರಿಗೆ ಕೆಟಲಿನದೇ ಹುಚ್ಚು. ಇವತ್ತೂ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತು ಗದರಿಸಿದರು: "ಯಾವನೋ ಅರೆಬರೆ ನೋಡಿ ಬರೆದಿದ್ದಾನೆ. ಸಾಸರಿನ ಅಂಚು ಒಂದು ಕಡೆ ಮುಕ್ಕಾಗಿರ್ಬೇಕಿತ್ತು. ಇಷ್ಟು ಹಳೇ ಕೆಟಲಿಗೆ ಇಷ್ಟು ಹೊಸ ಸಾಸರ್ ಯಾರಾದ್ರೂ ಮುಚ್ತಾರಾ?"

ಮಾರ್ಚ್ ೭, ಶುಕ್ರವಾರ

ಬೀಗದವರು ದಿನಾ ಬೆಳಿಗ್ಗೆ, ನಾನು ನೆಲ ಒರೆಸುವ ಮೊದಲೇ ಹಾಜರು. ಮುಂಬಾಗಿಲ ಬೀಗಕ್ಕೆ ಎಣ್ಣೆ ಬಿಡಬೇಕಂತೆ. ಆ ಬೀಗ ಬೆಣ್ಣೆಯಂತೆ ತಿರುಗುತ್ತದೆ. "ನಿನ್ನೆ ಬಿಟ್ರಲ್ಲಾ?" ಎಂದರೆ, "ಬೀಗ ಅಂದ್ರೆ ಮಗು ಇದ್ದ ಹಾಗೆ ಕಣಮ್ಮಾ, ದಿನಾ ನೋಡ್ಕೋಬೇಕು" ಎನ್ನುತ್ತಾರೆ. ಬೇಡದ ಕೆಲಸ ಹುಟ್ಟಿಸಿಕೊಂಡು ದಿನ ಕಳೆಯುವುದು. ಇದರ ಮೇಲೂ ಯಾರಾದರೂ ಒಂದು ಕರಪತ್ರ ಬರೆಯಬೇಕು.

ಸಾಸರಿನ ಅಂಚು ಮುಕ್ಕಾಗಿರುವುದು ಇವತ್ತು ನನ್ನ ಕಣ್ಣಿಗೂ ಬಿತ್ತು. ನಿನ್ನೆ ನಾನು ಸರಿಯಾಗಿ ನೋಡಿರಲಿಲ್ಲವೇನೋ.

ಮಾರ್ಚ್ ೧೨, ಬುಧವಾರ

ಕ್ಷೌರದವರು ನಿನ್ನೆಯೆಲ್ಲ, "ಹಬೆ ನೆಟ್ಟಗೆ ಹೋಗೋದು ಹೇಗೆ? ಎಡಕ್ಕೆ ತಿರುಗಬೇಕು. ಕಿಟಕಿ ಆ ಕಡೆ ಅಲ್ವಾ?" ಎಂದು ಜಗಳವಾಡಿದರು. ಚಿತ್ರದಲ್ಲಿ ಕಿಟಕಿಯೇ ಇಲ್ಲ. ಬಾಗಿಲ ಬಳಿ ಬೀಗದವರು ಬೆನ್ನು ಹಾಕಿ ಕುಳಿತು ಲೋಟ ತಿರುಗಿಸುತ್ತಿದ್ದರು.

ಇವತ್ತು ನೋಡಿದರೆ ಹಬೆ ಎಡಕ್ಕೆ ತಿರುಗಿದೆ. ಒಳ್ಳೆಯ ಸೂಚನೆ ಎಂದು ಕಾರ್ಯದರ್ಶಿಗೆ ಹೇಳಬೇಕೆಂದುಕೊಂಡೆ. ಹೇಳಲಿಲ್ಲ, ಅವನು ತಮಾಷೆಯನ್ನು ಠರಾವಿನಂತೆ ತೆಗೆದುಕೊಳ್ಳುತ್ತಾನೆ.

ಮಾರ್ಚ್ ೧೫, ಶನಿವಾರ

ಸಿಕ್ಕಿಬಿದ್ದರು!

ಬೆಳಿಗ್ಗೆ ಬೇಗ ಕೆಳಗಿಳಿದೆ. ಎಣ್ಣೆಯ ಡಬ್ಬಿ ನೆಲದ ಮೇಲಿತ್ತು. ಬೀಗದವರು ಕೆಟಲಿನ ಮುಂದೆ ನಿಂತು, ಬೆಂಕಿಕಡ್ಡಿಯಷ್ಟು ಸಣ್ಣ ಕುಂಚದಿಂದ ಕೆಟಲಿನ ತಳಕ್ಕೆ ಮಸಿ ಹಿಡಿಸುತ್ತಿದ್ದರು. ನನ್ನನ್ನು ಕಂಡವರೇ ಕುಂಚವನ್ನು ಜೇಬಿಗಿಳಿಸಿ, "ತುಕ್ಕು ಹಿಡಿದಿತ್ತು..." ಎಂದರು. ಯಾವುದಕ್ಕೆ ತುಕ್ಕು ಎಂದು ಹೇಳಲಿಲ್ಲ.

ಹಾಗಾದರೆ ಕೆಟಲ್ ಇವರದು! ಹಗಲಿಡೀ ಅರದಿಂದ ಕೀಲಿ ಉಜ್ಜುವ ಕೈ ಇಂಥ ಹಬೆಯನ್ನು ಬರೆಯುತ್ತದೆ, ಅದು ಯಾರಿಗೂ ಗೊತ್ತಿಲ್ಲ. ಸ್ವಂತ ಅಣ್ಣ ದಿನಾ ಎದುರಿಗೇ ಹೀಯಾಳಿಸಿದರೂ ಈ ಮನುಷ್ಯ ಬಾಯಿ ಬಿಡುವಂತಿಲ್ಲ, ಯಾಕೆಂದರೆ ಪದ್ಧತಿ! ನನ್ನ ರಕ್ತ ಕುದಿಯಿತು. ನಾಳೆ ಭಾನುವಾರ, ಎಲ್ಲರೂ ಇರುತ್ತಾರೆ.

ಮಾರ್ಚ್ ೧೬, ಭಾನುವಾರ

ದಪ್ಪ ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ: "ಈ ಚಿತ್ರ ಬರೆದವರು: ನಮ್ಮ ಬೀಗ ರಿಪೇರಿಯವರು. ದುಡಿಮೆಗೆ ಹೆಸರಿದೆ." ಎಲ್ಲರ ಎದುರಿಗೆ ಚಿತ್ರದ ಕೆಳಗೆ ಅಂಟಿಸಿ ಸಣ್ಣದೊಂದು ಭಾಷಣವನ್ನೂ ಮಾಡಿದೆ. ಚಪ್ಪಾಳೆ ಬೀಳಬೇಕಿತ್ತು.

ಟೀಚರಮ್ಮ ಪೆನ್ನು ಕೆಳಗಿಟ್ಟರು. ಕ್ಷೌರದವರು ಚೀಟಿಯನ್ನು ಓದಿದರು. ಇನ್ನೊಮ್ಮೆ ಓದಿದರು. ಲೋಟದಲ್ಲಿ ಅರ್ಧ ಉಳಿದಿತ್ತು, ಹಾಗೇ ಬಿಟ್ಟು ಕೋಟು ತೊಟ್ಟು ಹೊರಟರು. ಬಾಗಿಲಲ್ಲಿ ತಮ್ಮನ ಸ್ಟೂಲನ್ನು ದಾಟುವಾಗ ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡರು. ಬೀಗದವರು ನನ್ನ ಕಡೆ ನೋಡಿದರು. ಸಿಟ್ಟಿನ ನೋಟವಲ್ಲ. ಸಿಟ್ಟಾಗಿದ್ದರೆ ನನಗೆ ಉತ್ತರ ಕೊಡುವುದು ಗೊತ್ತಿತ್ತು.

ಮೇಲಿನಿಂದ ಅತ್ತೆ ಕೋಲಿನಿಂದ ನೆಲ ಕುಟ್ಟಿದಳು. ಕೆಳಗೆ ಗದ್ದಲವಾದರೆ ಕುಟ್ಟುವುದುಂಟು. ಇವತ್ತು ಕುಟ್ಟಿದ್ದು ಗದ್ದಲ ನಿಂತುಹೋದದ್ದಕ್ಕೆ.

ಮಾರ್ಚ್ ೧೭, ಸೋಮವಾರ

ಬೀಗಕ್ಕೆ ಎಣ್ಣೆ ಬಿಡಲು ಯಾರೂ ಬರಲಿಲ್ಲ. ಗೋಡೆಯಲ್ಲಿ ಕೆಟಲ್ ಇಲ್ಲ. ಬರಿ ಮೊಳೆ, ಅದರ ಕೆಳಗೆ ನನ್ನ ಚೀಟಿ. ಬಾಗಿಲು ತೆಗೆದದ್ದು ಯಾರಿಗೂ ಕೇಳಿಸಿಲ್ಲ. ಅವರಿಗೆ ಯಾವ ಬೀಗ ಅಡ್ಡ ಬರುತ್ತದೆ?

ಮಾರ್ಚ್ ೧೯, ಬುಧವಾರ

ಬಾರ್ ಮುಕ್ಕಾಲು ಖಾಲಿ. ಬಂದವರೂ ಗೋಡೆಯ ಕಡೆ ನೋಡುವುದಿಲ್ಲ, ಮಾತಾಡುವುದಿಲ್ಲ, ಕುಡಿದು ಹೋಗುತ್ತಾರೆ. ಒಂದು ಬಾರ್ ತಾನಾಗಿಯೇ ಬರಿದಾಗುತ್ತಿದೆ. ಗೆಲುವು.

ಮಾರ್ಚ್ ೨೦, ಗುರುವಾರ

ಕಾರ್ಯದರ್ಶಿ ಅಳತೆ ಪಟ್ಟಿ ಹಿಡಿದುಕೊಂಡು ಬಂದ. ಈ ಗೋಡೆಗೆ ಕಪಾಟು, ಆ ಮೂಲೆಗೆ ಬೆಂಚು. "ಜನ ಕಮ್ಮಿಯಾಗಿದ್ದಾರಲ್ಲ, ಶಭಾಷ್!" ಎಂದ. ಕ್ಷೌರದವರ ಕುರ್ಚಿಯನ್ನು ಎಳೆದು ಕುಳಿತುಕೊಂಡ. "ಅಲ್ಲಿ ಕೂರಬೇಡ, ಅದು ಇನ್ನೊಬ್ಬರ ಜಾಗ" ಎಂದುಬಿಟ್ಟೆ. ಅವನು ಸುತ್ತ ನೋಡಿದ. ಯಾರೂ ಇರಲಿಲ್ಲ. ಆದರೂ ಎದ್ದ, ಒಳ್ಳೆಯವನು.

ಮಾರ್ಚ್ ೨೧, ಶುಕ್ರವಾರ

ಅತ್ತೆಗೆ ಬೆಳಗಿನ ಚಹಾ ಕೊಡುವಾಗ ನಾನಾಗಿಯೇ ಬಾಯಿಬಿಟ್ಟೆ. "ನಿಜ ಹೇಳಿದ್ದು ತಪ್ಪಾ?"

"ಅವರಮ್ಮನ ಕೆಟಲ್ ಕಣೇ ಅದು. ಮುಚ್ಚಳ ಕಳೆದುಹೋಗಿ ಸಾಯೋ ತನಕ ಸಾಸರ್ ಮುಚ್ಚೇ ಕಾಯಿಸಿದಳು. ಅಮ್ಮ ಹೋದಾಗ ತಮ್ಮ ಬೇರೆ ಊರಲ್ಲಿದ್ದ, ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಅಣ್ಣ ಹೇಳಿ ಕಳಿಸಲಿಲ್ಲ ಅಂತ ಇವನು. ಹೇಳಿ ಕಳಿಸಿದ್ರೇ ಬರಬೇಕಾ ಅಂತ ಅವನು."

"ಹಾಗಾದ್ರೆ ಯಾರ ಚಿತ್ರ ಅಂತ ಅಣ್ಣನಿಗೆ..."

"ಮೊದಲನೇ ದಿನವೇ ಗೊತ್ತು. ಅಣ್ಣ ಸಂಜೆ ಬೈತಾನೆ, ತಮ್ಮ ಬೆಳಿಗ್ಗೆ ಬಂದು ತಿದ್ದುತ್ತಾನೆ. ಅಷ್ಟು ವರ್ಷದ ಮೇಲೆ ಇಬ್ಬರೂ ಮಾತಾಡ್ತಿದ್ದದ್ದು ಅದೊಂದೇ ದಾರೀಲಿ. ನಾನು ಇಲ್ಲಿ ಬಿದ್ದುಕೊಂಡು ದಿನಾ ಕೇಳ್ತಿದ್ದೆ. ಸಾಸರ್ ಆಯ್ತು, ಹಬೆ ಆಯ್ತು. ಇನ್ನೇನು ಅಡುಗೆಮನೆ ಪೂರ್ತಿ ಆಗೋದ್ರಲ್ಲಿತ್ತು."

"ಗೊತ್ತಿದ್ದ ಮೇಲೆ ಚೀಟಿಯಿಂದ ಏನು ಬದಲಾಯ್ತು?"

"ಗೊತ್ತಿರೋದು ಬೇರೆ. ನಾಲ್ಕು ಜನದ ಮುಂದೆ ಗೊತ್ತು ಅಂತ ಒಪ್ಪಿಕೊಳ್ಳೋದು ಬೇರೆ. ಕರಪತ್ರದಲ್ಲಿ ಇರಲಿಲ್ವಾ?"

ಇರಲಿಲ್ಲ. ಎಲ್ಲವನ್ನೂ ತಿರುವಿ ನೋಡಿದೆ.

ಮಾರ್ಚ್ ೨೪, ಸೋಮವಾರ

ಮಧ್ಯಾಹ್ನ ಕ್ಷೌರದಂಗಡಿಗೆ ಹೋದೆ. ಸುಮ್ಮನೆ ಮಾತಾಡಲು ಬಂದೆ ಎಂದರೆ ಬಾಗಿಲಲ್ಲೇ ಕಳಿಸುತ್ತಾರೆ ಎಂದು ನೇರವಾಗಿ ಹೋಗಿ ಕುರ್ಚಿಯಲ್ಲಿ ಕುಳಿತೆ. "ತುದಿ ಮಾತ್ರ" ಎಂದೆ. ಬಟ್ಟೆ ಹೊದಿಸಿದರು. ನಾನು ಶುರುಮಾಡಿದೆ: ಉದ್ದೇಶ ಒಳ್ಳೆಯದಿತ್ತು, ದುಡಿಮೆಯ ಘನತೆ ಅಂದರೆ, ಹೆಸರು ಅಂದರೆ...

ಕತ್ತರಿ ಆಡುತ್ತಲೇ ಇತ್ತು. ಕನ್ನಡಿ ನೋಡಿ ಕಿರುಚಿದೆ.

"ನೀನು ಮಾತು ಮೊಟಕು ಮಾಡಲ್ಲ. ಕೂದಲಾದ್ರೂ ಮೊಟಕಾಗಲಿ" ಎಂದರು.

"ಬಾರ್‌ಗೆ ಬನ್ನಿ ಅಂತ ಕರೆಯೋಕೆ ಬಂದೆ" ಎಂದೆ. ಈ ಮಾತು ನನ್ನ ಬಾಯಿಂದಲೇ ಬಂತು.

ಅವರು ನನ್ನ ಕುತ್ತಿಗೆಯ ಕೂದಲನ್ನು ಝಾಡಿಸಿದರು. "ನಾನು ಕೆಟಲ್ ನೋಡೋಕೆ ಬರ್ತಿದ್ದೆ. ಈಗ ಬಂದ್ರೆ ಅವನನ್ನ ನೋಡೋಕೆ ಬಂದ ಅಂತಾರೆ. ಕೆಟಲಿಗೆ ಸೋತಿದ್ದೆ ಕಣಮ್ಮಾ. ಅವನಿಗೆ ಇನ್ನೂ ಸೋತಿಲ್ಲ."

"ತಪ್ಪಾಯ್ತು."

"ನನಗ್ಯಾಕೆ ಹೇಳ್ತೀಯ? ಆ ಗೋಡೆಗೆ ಹೇಳು."

ಮನೆಗೆ ಬಂದಾಗ ಅತ್ತೆ ನನ್ನ ತಲೆ ನೋಡಿ ಪ್ಲಾಸ್ಟರ್ ಅದುರುವ ಹಾಗೆ ನಕ್ಕಳು.

ಮಾರ್ಚ್ ೨೫, ಮಂಗಳವಾರ

ಬೀಗದವರ ಅಂಗಡಿಗೂ ಹೋಗಿದ್ದೆ. ಬಾಯಿ ತೆರೆಯುವ ಮೊದಲೇ, "ಬೀಗ ಚೆನ್ನಾಗಿದೆಯಾ?" ಎಂದರು. "ಕಿರುಗುಟ್ಟುತ್ತಿದೆ" ಎಂದು ಸುಳ್ಳು ಹೇಳಿದೆ. ಒಂದು ಶೀಶೆ ಎಣ್ಣೆ ಕೊಟ್ಟು ಕಳಿಸಿದರು. ಅವರು ಬರಲಿಲ್ಲ.

ಮಾರ್ಚ್ ೩೦, ಭಾನುವಾರ

ಮೂರು ದಿನದಿಂದ ಕೈಯೆಲ್ಲ ಇದ್ದಿಲು. ನನಗೆ ಚಿತ್ರ ಬರೆಯಲು ಬರುವುದಿಲ್ಲ ಎಂಬುದು ಮೊದಲ ದಿನವೇ ಖಚಿತವಾಯಿತು. ಆದರೆ ಆ ಬರಿ ಮೊಳೆಯನ್ನು ದಿನಾ ನೋಡಲಾಗುತ್ತಿಲ್ಲ. ಕೆಂಬಾವುಟ ಹಿಡಿದ ಕಾರ್ಮಿಕನನ್ನು ಬರೆಯಲು ಕುಳಿತೆ. ಅವನು ಒಗೆದ ಬಟ್ಟೆ ಒಣಹಾಕುವವನಂತೆ ಬಂದ. ಕೊನೆಗೆ ಕಣ್ಣೆದುರಿಗಿದ್ದದ್ದನ್ನೇ ಬರೆದೆ: ದಿಂಬಿನ ಮೇಲೆ ಕಾಲೆತ್ತಿಟ್ಟು ಮಧ್ಯಾಹ್ನದ ನಿದ್ದೆಯಲ್ಲಿರುವ ಅತ್ತೆ.

ಏಪ್ರಿಲ್ ೧, ಮಂಗಳವಾರ

ಉಳಿದವರ ಚಿತ್ರಗಳ ನಡುವೆ, ಕೆಟಲಿನ ಮೊಳೆಗೆ ತೂಗುಹಾಕಿದೆ. ಚೀಟಿ ಇಲ್ಲ.

ಏಪ್ರಿಲ್ ೩, ಗುರುವಾರ

ಟೀಚರಮ್ಮ ಚಿತ್ರದ ಮುಂದೆ ನಿಂತು ಕನ್ನಡಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. "ಇದು ದೋಣಿ. ದಡಕ್ಕೆ ಬಂದು ಮಗುಚಿದೆ."

ಅದು ಕಾಲು. ನನ್ನ ಕಿವಿ ಬಿಸಿಯಾಯಿತು. ಉತ್ತರವಾಗಿ ನಾಲ್ಕು ವಾಕ್ಯಗಳು ನಾಲಿಗೆಯ ತುದಿಗೆ ಬಂದಿದ್ದವು. ಲೋಟ ಒರೆಸಿದೆ.

"ನಮ್ಮ ಗೋಡೆ ಇಷ್ಟು ಕೆಟ್ಟ ಚಿತ್ರ ಕಂಡೇ ಇಲ್ಲ. ಎಲ್ಲರಿಗೂ ಹೇಳಬೇಕು" ಎಂದು ಅರ್ಧ ಬಿಯರ್ ಬಿಟ್ಟು ಹೊರಟರು. ಅವರು ಬಿಯರ್ ಬಿಟ್ಟುಹೋದದ್ದನ್ನು ನಾನು ಈವರೆಗೆ ಕಂಡಿರಲಿಲ್ಲ.

ಏಪ್ರಿಲ್ ೫, ಶನಿವಾರ

ಬಾರ್ ತುಂಬಿತ್ತು. ಚಿತ್ರ ಎಷ್ಟು ಕೆಟ್ಟದಾಗಿದೆ ಎಂದು ನೋಡಲು ಬಂದವರು. ಸಂಜೆ ಕ್ಷೌರದವರೂ ಬಂದರು. ಯಾರ ಮುಖವನ್ನೂ ನೋಡದೆ ಸೀದಾ ಗೋಡೆಗೆ ನಡೆದರು. ಅವರ ಕುರ್ಚಿಯನ್ನು ಯಾರೋ ಆಗಲೇ ಖಾಲಿ ಮಾಡಿದ್ದರು.

"ಕುದುರೆ ಮಲಗಿದೆ" ಎಂದರು.

ಎಲ್ಲರೂ ನಕ್ಕರು. ಎಲ್ಲರೂ ನನ್ನನ್ನು ಬಿಟ್ಟು ಬೇರೆಲ್ಲ ಕಡೆ ನೋಡುತ್ತಿದ್ದರು. ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಇದ್ದಿಲಿದೆ, ಅದು ಲೋಕಕ್ಕೇ ಕಾಣುತ್ತದೆ. ಆದರೂ ಒಬ್ಬರೂ, ಒಂದೇ ಒಂದು ಮಾತು... ಇಲ್ಲ. ಕಣ್ಣು ಯಾಕೋ ಉರಿಯಿತು. ಹೊಗೆ ಇರಬೇಕು.

ಕಾಲಿರಬೇಕು ಎಂದು ಯಾರೋ ಅಂದರು. "ಕಾಲಾದ್ರೆ ಮೊಣಕಾಲು ಎಲ್ಲಿ?" ಎಂದು ಕ್ಷೌರದವರು ಗದರಿಸಿಕೊಂಡೇ ಇದ್ದರು.

ಏಪ್ರಿಲ್ ೬, ಭಾನುವಾರ

ಬೆಳಿಗ್ಗೆ ಮೊಣಕಾಲು ಹಾಕಿದೆ.

ಏಪ್ರಿಲ್ ೮, ಮಂಗಳವಾರ

ಬೀಗದವರು ಬಂದು ಬಾಗಿಲ ಬಳಿಯ ಸ್ಟೂಲಿನಲ್ಲಿ, ಗೋಡೆಗೆ ಬೆನ್ನು ಹಾಕದೆ ಪಕ್ಕವಾಗಿ ಕುಳಿತರು. ಸ್ವಲ್ಪ ಹೊತ್ತು ನೋಡಿ, ತಮ್ಮ ಲೋಟಕ್ಕೆ ಹೇಳಿದರು: "ಐದು ಬೆರಳೂ ಸಮ."

ನಾನು ತಿರುಗಿ ನೋಡಿದೆ. ಹೌದು. ಐದೂ ಒಂದೇ ಉದ್ದ.

"ಬರೆದವರು ಯಾರೋ ಸಮಾನತೆಯವರು ಇರ್ಬೇಕು" ಎಂದರು ಟೀಚರಮ್ಮ, ಪದಬಂಧದಿಂದ ತಲೆಯೆತ್ತದೆ. ಬಾರ್ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ನನಗೇನು ಗೊತ್ತು ಎಂಬಂತೆ.

ಕ್ಷೌರದವರು ನಗಲಿಲ್ಲ. ಗೋಡೆಯ ಕಡೆಗೇ ಹೇಳಿದರು: "ಬೆರಳು ಇರಲಿ. ಪ್ಲಾಸ್ಟರ್ ಇಷ್ಟು ದಪ್ಪ ಇರುತ್ತಾ?"

"ಇರುತ್ತೆ" ಎಂದರು ಬೀಗದವರು. "ಅಮ್ಮ ಹಿತ್ತಿಲ ಮೆಟ್ಟಿಲಲ್ಲಿ ಬಿದ್ದಾಗ ಇದಕ್ಕಿಂತ ದಪ್ಪ ಹಾಕಿದ್ರು. ಬಲಗಾಲಿಗೆ."

"ಎಡಗಾಲು."

"ಬಲಗಾಲು. ನಾನೇ ದಿನಾ ಕಾಲ ಕೆಳಗೆ ದಿಂಬು ಇಡ್ತಿದ್ದೆ."

"ನಿನಗೇನು ಗೊತ್ತು, ನೀನು ಆಗ ಇಷ್ಟುದ್ದ ಇದ್ದೆ. ಎಡಗಾಲು ಕಣೋ!"

ಆ "ಕಣೋ" ಕ್ಷೌರದವರ ಬಾಯಿಂದ ಜಾರಿ ಮೇಜಿನ ಮೇಲೆ ಬಿದ್ದಂತಿತ್ತು. ಅವರೇ ಅದನ್ನು ನೋಡುತ್ತ ಕುಳಿತರು. ಬೀಗದವರು ಲೋಟವನ್ನು ಒಂದು ಸುತ್ತು ತಿರುಗಿಸಿದರು.

"ಎಡಗಾಲೇ ಇರಲಿ ಬಿಡು, ಅಣ್ಣ."

ನಾನು ಇಬ್ಬರ ಲೋಟಕ್ಕೂ ಸುರಿದೆ. ಕೇಳದೆಯೇ ಸುರಿದೆ. ಕೌಂಟರ್ ಮೇಲೆಲ್ಲ ಚೆಲ್ಲಿತು. ಮೇಲೆ ಅತ್ತೆಯ ಕೋಲು ಒಂದು ಸಲ, ಮೆತ್ತಗೆ ಕುಟ್ಟಿತು.

ಏಪ್ರಿಲ್ ೯, ಬುಧವಾರ

ಬೆರಳುಗಳನ್ನು ಸರಿಮಾಡಿದೆ. ತತ್ವ ಬೇರೆ, ಬೆರಳು ಬೇರೆ.

ಏಪ್ರಿಲ್ ೧೩, ಭಾನುವಾರ

ನಿನ್ನೆ ಪ್ಲಾಸ್ಟರ್ ಬಿಚ್ಚಿದರು. ಇವತ್ತು ಸಂಜೆ ಅತ್ತೆ ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಒಂದು ಕಡೆ ಕ್ಷೌರದವರು, ಇನ್ನೊಂದು ಕಡೆ ಬೀಗದವರು ಹಿಡಿದುಕೊಂಡಿದ್ದರು. ಮೊದಲು ಎಡಗಾಲಿಡಬೇಕೋ ಬಲಗಾಲಿಡಬೇಕೋ ಎಂದು ಇಬ್ಬರೂ ದಾರಿಯುದ್ದಕ್ಕೂ ಜಗಳ. ಕೆಳಗೆ ಕಾರ್ಯದರ್ಶಿ ಒಬ್ಬ ಬಡಗಿಯನ್ನು ಕರೆದುಕೊಂಡು ಬಂದು ಕಾಯುತ್ತಿದ್ದ.

ಅತ್ತೆ ಕುಳಿತು ಉಸಿರು ತೆಗೆದುಕೊಂಡು ಕೀಲಿಗೊಂಚಲನ್ನು ಕೌಂಟರಿನ ಮೇಲಿಟ್ಟಳು. "ಮಾತು ಅಂದ್ರೆ ಮಾತು. ತಗೋ."

ತೆಗೆದುಕೊಂಡೆ.

"ಹಾಗಾದ್ರೆ ಈ ಚಿತ್ರಗಳನ್ನ ಇಳಿಸೋಣ. ಬಡಗಿ ಗೋಡೆ ನೋಡ್ಬೇಕು" ಎಂದ ಕಾರ್ಯದರ್ಶಿ.

"ತಿಂಗಳು ಮುಗಿಯೋ ತನಕ ಇಳಿಸೋ ಹಾಗಿಲ್ಲ" ಎಂದೆ.

"ಮುಗಿದ ಮೇಲೆ?"

"ಮುಂದಿನ ತಿಂಗಳದ್ದು ಬರುತ್ತೆ. ಈಗಾಗಲೇ ಕಾಗದದಲ್ಲಿ ಸುತ್ತಿದ್ದು ಒಂದು ಬಂದಿದೆ." ಯಾರದು ಎಂದು ಹೇಳಲಿಲ್ಲ. ಟೀಚರಮ್ಮ ಪದಬಂಧದಲ್ಲಿ ಮುಳುಗಿದ್ದರು.

"ಕುಡಿತ ಅನ್ನೋದು ಬೇಡಿ ಅಂದವಳು ನೀನೇ ಅಲ್ವಾ?"

"ಈಗಲೂ ಅದನ್ನೇ ಹೇಳ್ತೀನಿ. ದಿನಾ ಇವರಿಗೆ ಹೇಳ್ತಾನೇ ಇದೀನಿ."

"ಹೌದಪ್ಪಾ, ಹೇಳ್ತಾಳೆ. ಸುರಿಯುವಾಗಲೂ ಬಿಡಲ್ಲ" ಎಂದರು ಕ್ಷೌರದವರು.

ಕಾರ್ಯದರ್ಶಿಯ ಮುಖ ಸಣ್ಣದಾಯಿತು. ನನಗೆ ಪಾಪ ಅನ್ನಿಸಿತು. ನಮ್ಮ ಕೂಟದ ಕರಪತ್ರಗಳಲ್ಲಿ ಅರ್ಧ ಅವನೇ ಬರೆದವು. "ಕಿಟಕಿ ಪಕ್ಕದ ಮೇಜು ಕೂಟಕ್ಕೆ ಇರಲಿ. ಕರಪತ್ರ ತಂದಿಡು. ಆದ್ರೆ ನಿನ್ನ ಹೆಸರು ಹಾಕದೆ ಇಡು. ಪಕ್ಕದಲ್ಲಿ ಕೂತು ಜನ ಏನಂತಾರೆ ಕೇಳು. ಬಾಯಿ ತೆಗೀಬಾರದು" ಎಂದೆ.

"ಏನಾದ್ರೂ ತಪ್ಪು ತಿಳ್ಕೊಂಡ್ರೆ?"

"ಆಗಲೂ."

ಅವನು ಕನ್ನಡಕ ಒರೆಸಿಕೊಂಡು ಒಂದು ನಿಂಬೆ ಸೋಡ ಕೇಳಿದ. ಬಡಗಿ ಬಿಯರ್ ಕೇಳಿದರು.

ಅಷ್ಟರಲ್ಲಿ ಅತ್ತೆ ಕೋಲೂರಿ ಚಿತ್ರದ ಮುಂದೆ ನಿಂತಿದ್ದಳು.

"ಯಾರೇ ಈ ಹೆಂಗಸು?" ಎಂದಳು.

"ಗೊತ್ತಿಲ್ಲ" ಎಂದೆ.

"ಕಾಲು ಪರವಾಗಿಲ್ಲ. ಬೆರಳೂ ಪರವಾಗಿಲ್ಲ. ಆದ್ರೆ ಬಾಯಿ ಮುಚ್ಚಿದೆಯಲ್ಲ. ಇಷ್ಟು ಜೋರಾಗಿರೋ ಹೆಂಗಸು ಬಾಯಿ ಮುಚ್ಚಿ ನಿದ್ದೆ ಮಾಡ್ತಾಳಾ? ತೆರೆದಿರಬೇಕು, ಗೊರಕೆ ಬರೋ ಹಾಗೆ." ಇನ್ನೂ ಸ್ವಲ್ಪ ಹೊತ್ತು ನಿಂತಳು. ಸೆರಗಿನ ತುದಿಯಿಂದ ಚೌಕಟ್ಟಿನ ಧೂಳು ಒರೆಸಿದಳು. ಅಲ್ಲಿ ಧೂಳಿರಲಿಲ್ಲ, ಬೆಳಿಗ್ಗೆಯಷ್ಟೇ ನಾನು ಒರೆಸಿದ್ದೆ.

ನಾಳೆ ಬೇಗ ಏಳಬೇಕು. ಬಾಗಿಲು ತೆರೆಯುವ ಮೊದಲು ಬಾಯಿ ತೆರೆಸಬೇಕು. ಒಳಗೆ ಹಲ್ಲು ಬರೆಯುವುದು ಹೇಗೆಂದು ನನಗೆ ತಿಳಿಯದು. ಬೀಗದವರಿಗೆ ಖಂಡಿತ ತಿಳಿದಿದೆ, ಆದರೆ ಕೇಳುವ ಹಾಗಿಲ್ಲವಲ್ಲ.